ವೀಣೆ ಮನೆಯಲ್ಲಿ, ನೀವು ಪರ ಊರಿನಲ್ಲಿ

ನೌಕರಿ ಸಿಕ್ಕಿ ಪುಣೆಗೆ ಹೊರಟಿದ್ದೀರಿ. ಇಲ್ಲವೇ ಓದಲು ಅಮೆರಿಕಕ್ಕೆ ಹೋಗುತ್ತಿದ್ದೀರಿ. ಇಲ್ಲವೇ ಬಾಣಂತನಕ್ಕೆಂದು ತವರಿಗೆ ಬಂದಿದ್ದೀರಿ, ವೀಣೆ ಅತ್ತೆಯ ಮನೆಯಲ್ಲೇ ಉಳಿದಿದೆ. ಎಲ್ಲವೂ ಸಂತೋಷದ ವಿಷಯವೇ. ಆದರೆ ಆರು ತಿಂಗಳು ಕಳೆದ ಮೇಲೆ ಇಂಥವರನ್ನು ಕಂಡು "ಸಂಗೀತ ಹೇಗೆ ನಡೆದಿದೆಯಮ್ಮಾ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ವೀಣೆ ಇಲ್ಲವಲ್ಲ ಮೇಡಂ, ಏನು ಮಾಡೋದು?"

ಏನು ಮಾಡುವುದೆಂದು ಹೇಳುತ್ತೇನೆ, ಕೇಳಿ. ವೀಣೆ ಇಲ್ಲ ಎನ್ನುವುದು ನಿಜ. ನಾಲ್ಕು ಅಡಿ ಉದ್ದದ ಮರದ ವಾದ್ಯ, ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲು, ದಪ್ಪ ಕೊಡ. ಅದನ್ನು ಹಾಸ್ಟೆಲಿನ ಮಂಚದ ಕೆಳಗೆ ಇಡಲಾಗದು, ವಿಮಾನದ ಸಾಮಾನಿನ ಜೊತೆ ಹಾಕಿ ಕಳಿಸಲು ಜೀವ ಒಪ್ಪದು. ಅಲ್ಲಿಯವರೆಗೆ ನಿಮ್ಮ ಮಾತು ಸರಿ. ಆದರೆ ವೀಣೆ ಇಲ್ಲದ ಕಾರಣ ಸಾಧನೆಯೂ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ಪೆಟ್ಟಿಗೆಯಲ್ಲಿ ಚಟ್ನಿಪುಡಿಗೂ ಹಪ್ಪಳಕ್ಕೂ ಜಾಗ ಮಾಡಿಕೊಂಡವರಿಗೆ ಸ್ವರ ಬರೆದ ಒಂದು ಪುಸ್ತಕಕ್ಕೆ ಜಾಗ ಸಿಗಲಿಲ್ಲವೇ? "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು." ಜೂನಿಯರ್ ಪರೀಕ್ಷೆ, ಸೀನಿಯರ್ ಪರೀಕ್ಷೆ ಎಂದು ಇಷ್ಟು ವರ್ಷ ಕೂಡಿಟ್ಟದ್ದು ಸುಮ್ಮನೆ ಕೂತರೆ ಕರಗಿಹೋಗುತ್ತದೆ.

ಮೊದಲು ಒಂದು ವಿಷಯ ಅರ್ಥ ಮಾಡಿಕೊಳ್ಳಿ. ನಿಮಗೆ ಒಂದು ವರ್ಣ "ಬರುತ್ತದೆ" ಎನ್ನುತ್ತೀರಲ್ಲ, ಅದು ಎಲ್ಲಿ ಬರುತ್ತದೆ? ಬಹಳ ಜನರಿಗೆ ಬೆರಳಲ್ಲಿ ಮಾತ್ರ ಬರುತ್ತದೆ. ನಿಮ್ಮ ಅಡುಗೆಮನೆಯಲ್ಲಿ ಕರೆಂಟು ಹೋದರೂ ಉಪ್ಪಿನ ಡಬ್ಬಿಗೆ ನಿಮ್ಮ ಕೈ ನೇರವಾಗಿ ಹೋಗುತ್ತದೆ; ಅದೇ ಡಬ್ಬಿ ಎಲ್ಲಿದೆ ಎಂದು ಫೋನಿನಲ್ಲಿ ಇನ್ನೊಬ್ಬರಿಗೆ ಹೇಳಬೇಕಾದರೆ ತಡವರಿಸುತ್ತೀರಿ. ವೀಣೆಯ ಮುಂದೆ ಕೂತಾಗ ಬೆರಳು ತಾನೇ ಓಡುತ್ತದೆ, ತಲೆ ಹಿಂದಿನಿಂದ ಬರುತ್ತದೆ. ವೀಣೆ ತೆಗೆದಿಟ್ಟು "ಚರಣದ ಎರಡನೇ ಸ್ವರ ಹೇಳಿ" ಎಂದರೆ ಗಪ್‌ಚುಪ್. ಅಂದರೆ ನಿಮ್ಮ ನೆನಪಿನ ತೂತುಗಳನ್ನು ವಾದ್ಯ ಇಷ್ಟು ದಿನ ಮುಚ್ಚಿಕೊಂಡು ಬಂದಿದೆ. ಅದು ಹತ್ತಿರ ಇಲ್ಲದ ಈ ತಿಂಗಳುಗಳಲ್ಲಿ ತೂತುಗಳು ಕಾಣುತ್ತವೆ. ಕಂಡಾಗಲೇ ಮುಚ್ಚಿಕೊಳ್ಳಬೇಕು. ಆದ್ದರಿಂದ ದೂರ ಇರುವ ಕಾಲವನ್ನು ನಷ್ಟದ ಲೆಕ್ಕಕ್ಕೆ ಬರೆಯಬೇಡಿ.

ಕಲ್ಪನೆಯಲ್ಲಿ ಮಾಡುವ ಸಾಧನೆಯಿಂದ ಏನು ಬಂತು ಎನ್ನುವವರಿಗಾಗಿ ಒಂದು ಪ್ರಯೋಗದ ಸಂಗತಿ ಹೇಳುತ್ತೇನೆ. 1995ರಲ್ಲಿ ಆಲ್ವಾರೊ ಪಾಸ್ಕುವಲ್-ಲಿಯೋನೆ ಎಂಬ ನರವಿಜ್ಞಾನಿ ಮತ್ತು ಅವರ ಜೊತೆಯವರು ಇದನ್ನು ಪ್ರಕಟಿಸಿದರು. ಪಿಯಾನೊ ಬಾರದವರಿಗೆ ಐದು ಬೆರಳಿನ ಒಂದು ಸಣ್ಣ ಪಾಠ ಕೊಟ್ಟರು. ಕೆಲವರು ದಿನಕ್ಕೆ ಎರಡು ಗಂಟೆಯಂತೆ ಐದು ದಿನ ನುಡಿಸಿದರು. ಇನ್ನು ಕೆಲವರು ಅಷ್ಟೇ ಹೊತ್ತು ಪಿಯಾನೊ ಮುಂದೆ ಕೂತು, ಬೆರಳು ಅಲ್ಲಾಡಿಸದೆ, ನುಡಿಸುತ್ತಿರುವ ಹಾಗೆ ಮನಸ್ಸಿನಲ್ಲೇ ಕಲ್ಪಿಸಿಕೊಂಡರು. ಮೆದುಳಿನಲ್ಲಿ ಬೆರಳುಗಳನ್ನು ಆಡಿಸುವ ಭಾಗದಲ್ಲಿ ಇಬ್ಬರಿಗೂ ಒಂದೇ ತೆರನಾದ ಬದಲಾವಣೆ ಕಂಡಿತು. ಕೈಯ ಚುರುಕಿನಲ್ಲಿ ನುಡಿಸಿದವರೇ ಮುಂದಿದ್ದರು, ಅದರಲ್ಲಿ ಅನುಮಾನ ಬೇಡ. ಆದರೆ ಕಲ್ಪಿಸಿಕೊಂಡವರು ಒಮ್ಮೆ ಎರಡು ಗಂಟೆ ವಾದ್ಯದ ಮೇಲೆ ಕೈಯಿಟ್ಟ ಮೇಲೆ ಅವರ ಮಟ್ಟಕ್ಕೆ ಬಂದುಬಿಟ್ಟರು. ನಿಮಗೆ ಬೇಕಾದದ್ದೂ ಇಷ್ಟೇ ಅಲ್ಲವೇ? ಊರಿಗೆ ಬಂದ ದಿನ ವೀಣೆ ನಿಮ್ಮನ್ನು ಗುರುತಿಸಬೇಕು.

ಈಗ ಕೆಲಸಕ್ಕೆ ಬರೋಣ. ಬೆಳಿಗ್ಗೆ ಎದ್ದು ಕಾಫಿ ಕುಡಿದ ಮೇಲೆ ಫೋನಿನಲ್ಲಿ ತಂಬೂರಿ ಹಾಕಿಕೊಂಡು ಹಾಡಿ. "ನಾನು ವೀಣೆಯವಳು, ನನಗೆ ಕಂಠ ಇಲ್ಲ" ಎನ್ನಬೇಡಿ, ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಕಚೇರಿ ಮಾಡಿ ಎಂದು ಯಾರೂ ಹೇಳುತ್ತಿಲ್ಲ. ಸ್ವರ ಸ್ಥಾನಕ್ಕೆ ಸರಿಯಾಗಿ ಬಿದ್ದರೆ ಸಾಕು, ಗಂಟಲು ಇಂಪಾಗಿರಬೇಕಿಲ್ಲ. ಬಾಯಲ್ಲಿ ಬಾರದ ಗಮಕ ತಂತಿಯಲ್ಲಿ ಎಲ್ಲಿಂದ ಬರಬೇಕು? ತೋಡಿಯ ಗಾಂಧಾರವನ್ನೇ ನೋಡಿ. ಅದು ಒಂದು ಕಡೆ ನಿಲ್ಲುವ ಸ್ವರವಲ್ಲ. ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತದೆ. ವೀಣೆಯ ಮೇಲೆ ತಂತಿ ಎಳೆದು ಹೇಗೋ ಒಂದು ಅಲುಗು ತರುತ್ತೀರಿ, ಅದರಲ್ಲೇ ತೃಪ್ತಿಪಡುತ್ತೀರಿ. ಅದೇ ಗಾಂಧಾರವನ್ನು ಬಾಯಲ್ಲಿ ಹಾಡಲು ಹೋಗಿ, ಎಷ್ಟು ತೂಗಬೇಕು, ಎಲ್ಲಿ ನಿಧಾನಿಸಬೇಕು ಎಂಬುದು ನಿಮಗೆ ಸ್ಪಷ್ಟವಾಗಿ ಗೊತ್ತಿದೆಯೇ ಇಲ್ಲವೇ ಎನ್ನುವುದು ಒಂದೇ ನಿಮಿಷದಲ್ಲಿ ತಿಳಿದುಹೋಗುತ್ತದೆ. "ಹಾಡ್ತಾ ಹಾಡ್ತಾ ರಾಗ" ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಪಿ.ಜಿ.ಯಲ್ಲಿ ಪಕ್ಕದ ಮಂಚದವರು ಮಲಗಿರುತ್ತಾರೆ ಎನ್ನುತ್ತೀರಿ. ಹಾಗಾದರೆ ಮೆಲುದನಿಯಲ್ಲಿ ಹಾಡಿ, ಇಲ್ಲವೇ ತಾರಸಿಗೆ ಹೋಗಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಶ್ರುತಿ ಕೇಳುತ್ತಾ ಗುನುಗಿದರೂ ಆದೀತು. ಶ್ರುತಿ ಇಲ್ಲದೆ ಹಾಡಿಕೊಳ್ಳುವುದು ಮಾತ್ರ ಬೇಡ. ಬಚ್ಚಲಲ್ಲಿ ಬಾಯಿಗೆ ಬಂದ ಶ್ರುತಿಯಲ್ಲಿ ಹಾಡುವುದು ಆನಂದ, ಬೇಡವೆನ್ನುವುದಿಲ್ಲ, ಆದರೆ ಅದನ್ನು ಸಾಧನೆಯ ಲೆಕ್ಕಕ್ಕೆ ಹಿಡಿಯಬೇಡಿ.

ತಾಳದ ವಿಷಯದಲ್ಲಿ ನಿಮಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಹಾಡುವವರು ತೊಡೆಯ ಮೇಲೆ ತಾಳ ಹಾಕಿಕೊಂಡೇ ಹಾಡುತ್ತಾರೆ. ವೀಣೆಯವರಿಗೆ ಆ ಭಾಗ್ಯವಿಲ್ಲ. ಎಡಗೈ ಮೆಟ್ಟಿಲ ಮೇಲೆ, ಬಲಗೈಯ ತೋರುಬೆರಳು ನಡುಬೆರಳು ಮೀಟಿನಲ್ಲಿ. ಪಕ್ಕದ ಮೂರು ತಾಳದ ತಂತಿಗಳನ್ನು ಕಿರುಬೆರಳು ಮುಟ್ಟಿದರೆ ಮುಟ್ಟಿತು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಎಷ್ಟೋ ಜನ ವೀಣೆಯವರಿಗೆ ಲಯ ಒಂದು ಅಂದಾಜಿನ ಮೇಲೆ ನಡೆದಿರುತ್ತದೆ. ಮೃದಂಗದವರು ಪಕ್ಕದಲ್ಲಿ ಕೂತ ದಿನ ಬಣ್ಣ ಬಯಲಾಗುತ್ತದೆ, ಆಗ "ಮೃದಂಗ ಜೋರಾಯಿತು" ಎಂಬ ದೂರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಈಗ ನಿಮ್ಮ ಎರಡು ಕೈಯೂ ಖಾಲಿ ಇವೆ. ಇಂಥ ಅವಕಾಶ ಮತ್ತೆ ಬರುವುದಿಲ್ಲ.

ಸರಳೆ ವರಸೆಯಿಂದಲೇ ಶುರು ಮಾಡಿ, ನಾಚಿಕೆ ಬೇಡ. ಆದಿತಾಳ ಹಾಕಿ: ಒಂದು ಪೆಟ್ಟು, ಮೂರು ಎಣಿಕೆ, ಆಮೇಲೆ ಎರಡು ಸಲ ಪೆಟ್ಟು-ಹುಸಿ. ಕೈಯ ವೇಗ ಬದಲಾಗದಂತೆ ಮೂರು ಕಾಲದಲ್ಲಿ ಹಾಡಿ. ಮೂರನೇ ಕಾಲಕ್ಕೆ ಬಂದಾಗ ಕೈ ತಾನಾಗಿ ಓಡಿಹೋಗುತ್ತದೆ, ಅದನ್ನು ಹಿಡಿದು ನಿಲ್ಲಿಸುವುದೇ ಪಾಠ. ಆಮೇಲೆ ಅಲಂಕಾರಗಳು. ಧ್ರುವ, ಮಠ್ಯ, ಝಂಪೆ ಎಂದು ಏಳು ತಾಳದ ಅಲಂಕಾರಗಳನ್ನು ಎಂದೋ ಮುಗಿಸಿ ಪುಸ್ತಕ ಮಡಚಿಟ್ಟವರು ಈಗ ಝಂಪೆಯ ಅಲಂಕಾರವನ್ನು ತಪ್ಪಿಲ್ಲದೆ ಹೇಳಿ ನೋಡೋಣ. ಸೀನಿಯರ್ ದಾಟಿದವರು ಭೈರವಿಯ 'ವಿರಿಬೋಣಿ' ವರ್ಣವನ್ನು ಕೈಯಲ್ಲಿ ಖಂಡಜಾತಿ ಅಟ್ಟತಾಳ ಹಾಕಿಕೊಂಡು ಹಾಡಲಿ. 14 ಅಕ್ಷರದ ಆವರ್ತ. ಐದು, ಐದು, ಎರಡು, ಎರಡು. ವೀಣೆಯಲ್ಲಿ ನಿರಾಳವಾಗಿ ನುಡಿಸುತ್ತಿದ್ದವರು ಕೈಯಲ್ಲಿ ತಾಳ ಹಿಡಿದ ಕೂಡಲೇ ಎಡವುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಎಡವಿದರೆ ಬೇಸರ ಬೇಡ. ಎಡವಿದ ಜಾಗವನ್ನು ಪುಸ್ತಕದಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಮುಂದೆ ಹೋಗಿ.

ಮೆಟ್ರೋದಲ್ಲಿ ನಿಂತಿರುವಾಗ, ಕುಕ್ಕರಿನ ಮುಂದೆ ಕಾಯುವಾಗ ಜತಿಗಳನ್ನು ಬಾಯಲ್ಲೇ ಹೇಳಿಕೊಳ್ಳಬಹುದು. ತಕಿಟ, ತಕಧಿಮಿ, ತಕತಕಿಟ, ತಕಿಟತಕಧಿಮಿ: ಮೂರು, ನಾಲ್ಕು, ಐದು, ಏಳು. ಬೆರಳು ತೊಡೆಯ ಮೇಲೆ ಒಂದೇ ನಡೆಯಲ್ಲಿ ತಟ್ಟುತ್ತಿರಲಿ. ಜನ ನೋಡುತ್ತಾರೆ ಎಂಬ ಸಂಕೋಚ ಬೇಡ, ಅವರೆಲ್ಲ ತಮ್ಮ ತಮ್ಮ ಫೋನು ನೋಡುತ್ತಿರುತ್ತಾರೆ.

ಇನ್ನು ಸಾಹಿತ್ಯ. ವೀಣೆಯವರು ಬಹಳ ಅಸಡ್ಡೆ ಮಾಡುವುದು ಇದನ್ನೇ. "ನಾವು ಹಾಡುವುದಿಲ್ಲವಲ್ಲ, ಮಾತೇಕೆ?" ಎನ್ನುತ್ತಾರೆ. ಅಮ್ಮಾ, ಮೀಟು ಎಲ್ಲಿ ಬೀಳಬೇಕೆಂದು ನಿಮಗೆ ಹೇಳುವುದು ಆ ಮಾತೇ. ಮುತ್ತಯ್ಯ ಭಾಗವತರು ಮೋಹನಕಲ್ಯಾಣಿಯಲ್ಲಿ ಮಾಡಿದ ಕನ್ನಡ ಕೃತಿ 'ಭುವನೇಶ್ವರಿಯ' ನಿಮಗೆಲ್ಲ ಗೊತ್ತು. ಸಾಹಿತ್ಯ ಬಲ್ಲವರು ನುಡಿಸಿದಾಗ ಒಂದೊಂದು ಅಕ್ಷರಕ್ಕೂ ಒಂದೊಂದು ಮೀಟು ಬಿದ್ದು, ಎಳೆದ ಅಕ್ಷರದಲ್ಲಿ ತಂತಿಯ ನಾದ ಹಾಗೇ ಮುಂದುವರಿದು, ಕೇಳುವವರಿಗೆ ಮಾತೇ ಕೇಳಿದ ಹಾಗಾಗುತ್ತದೆ. ಸಾಹಿತ್ಯ ಗೊತ್ತಿಲ್ಲದವರು ಸಿಕ್ಕ ಸಿಕ್ಕ ಸ್ವರಕ್ಕೆಲ್ಲ ಮೀಟಿದರೆ ದೇವಿಯ ಹೆಸರೇ ತುಂಡುತುಂಡಾಗುತ್ತದೆ. ಆದ್ದರಿಂದ ನಿಮಗೆ ಪಾಠವಾದ ಕೃತಿಗಳ ಸಾಹಿತ್ಯವನ್ನೆಲ್ಲ ಈಗ ಬಾಯಿಪಾಠ ಮಾಡಿ. ಪದ ಒಡೆದು ಅರ್ಥ ತಿಳಿದುಕೊಳ್ಳಿ. ಮೈಸೂರು ವಾಸುದೇವಾಚಾರ್ಯರು ಖಮಾಚಿನಲ್ಲಿ ಮಾಡಿದ 'ಬ್ರೋಚೇವಾರೆವರುರಾ' ತೆಲುಗಿನದು. ತೆಲುಗು ಬಲ್ಲ ಗೆಳತಿ ಇದ್ದರೆ ಕೂರಿಸಿಕೊಂಡು ಕೇಳಿ. ಆಮೇಲೆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ತೋರುಬೆರಳು, ನಡುಬೆರಳುಗಳನ್ನು ಒಂದಾದ ಮೇಲೆ ಒಂದರಂತೆ ಮೊಣಕಾಲ ಮೇಲೆ ತಟ್ಟಿ. ಬಲಗೈಯ ಸಾಧನೆ ಹೀಗೆಯೇ ಅರ್ಧ ಮುಗಿಯುತ್ತದೆ.

ಎಡಗೈಗೂ ಕೆಲಸವಿದೆ. ಕಣ್ಣು ಮುಚ್ಚಿ ಸಾರಣಿ ತಂತಿಯನ್ನು ಮನಸ್ಸಿಗೆ ತಂದುಕೊಳ್ಳಿ. ಮಾಯಾಮಾಳವಗೌಳ ಹತ್ತಿ: ಬಿಟ್ಟ ತಂತಿಯಲ್ಲಿ ಷಡ್ಜ, ಆಮೇಲೆ ಒಂದನೇ ಮೆಟ್ಟಿಲು, ನಾಲ್ಕು, ಐದು, ಏಳು, ಎಂಟು, ಹನ್ನೊಂದು, ಹನ್ನೆರಡು. ಮೋಹನವಾದರೆ ಎರಡು, ನಾಲ್ಕು, ಏಳು, ಒಂಬತ್ತು, ಹನ್ನೆರಡು. ಒಂದೊಂದು ಸ್ವರವನ್ನೂ ಒಳಗೇ ಹಾಡುತ್ತಾ ಆ ಮೆಟ್ಟಿಲ ಮೇಲೆ ಯಾವ ಬೆರಳು, ಅಲ್ಲೇ ನಿಲ್ಲಬೇಕೋ ತಂತಿ ಎಳೆಯಬೇಕೋ, ಎಳೆದರೆ ಎಷ್ಟು ಎಂದು ನೋಡಿಕೊಳ್ಳಿ. ಹೀಗೆ ಒಂದು ಗೀತೆ, ಆಮೇಲೆ ಒಂದು ವರ್ಣದ ಪಲ್ಲವಿ. ಕಾಲು ಗಂಟೆಗಿಂತ ಹೆಚ್ಚು ಮಾಡಬೇಡಿ, ಮನಸ್ಸು ಬೇಗ ದಣಿಯುತ್ತದೆ, ದಣಿದ ಮೇಲೆ ಕಲ್ಪನೆಯಲ್ಲೂ ತಪ್ಪು ಸ್ವರಗಳು ಬರುತ್ತವೆ. ಮಂಪರಿನಲ್ಲಿ ಮಲಗಿಕೊಂಡು ಮಾಡುವುದೂ ಬೇಡ. ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ.

ವಾರಕ್ಕೊಮ್ಮೆ ಪುಸ್ತಕ ನೋಡದೆ ಒಂದು ವರ್ಣವನ್ನೋ ಕೃತಿಯ ಚಿಟ್ಟೆಸ್ವರವನ್ನೋ ಕೈಯಾರೆ ಬರೆಯಿರಿ. ಅಲ್ಪವಿರಾಮ, ಅರ್ಧವಿರಾಮ, ಎರಡನೇ ಕಾಲದ ಅಡ್ಡಗೆರೆ, ಎಲ್ಲವೂ ಸರಿಯಾಗಿರಲಿ. ಆಮೇಲೆ ಮೂಲ ಪುಸ್ತಕದೊಂದಿಗೆ ತಾಳೆ ನೋಡಿ. ತಪ್ಪಿದ್ದಲ್ಲೆಲ್ಲ ಕೆಂಪು ಗುರುತು. ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ ಎನ್ನಬೇಡಿ. ಫೋನಿನಲ್ಲಿ ಇರುವುದು ಫೋನಿಗೆ ಬರುತ್ತದೆ, ನಿಮಗೆ ಬರುವುದಿಲ್ಲ.

ಕೇಳುವುದರ ಬಗ್ಗೆ ಒಂದು ಮಾತು. ಒಗ್ಗರಣೆ ಹಾಕುತ್ತಾ, ಇಸ್ತ್ರಿ ಮಾಡುತ್ತಾ ಕಚೇರಿ ಕೇಳುವುದು ಮನಸ್ಸಿಗೆ ಹಿತ. ಆದರೆ ಕಲಿಯುವವರು ಕೇಳುವ ರೀತಿ ಬೇರೆ. ಒಂದೇ ರಾಗ ಆರಿಸಿಕೊಳ್ಳಿ. ಮೈಸೂರು ಬಾನಿಯ ದೊರೆಸ್ವಾಮಿ ಅಯ್ಯಂಗಾರರ (1920–1997) ವೀಣೆ ಕೇಳಿ, ಮೀಟಿನ ಶುದ್ಧಿಯನ್ನೂ ಮೀಟಿಗೂ ಮೀಟಿಗೂ ನಡುವೆ ಅವರು ಬಿಡುವ ಜಾಗವನ್ನೂ ಗಮನಿಸಿ. ಅದೇ ರಾಗದಲ್ಲಿ ಎಸ್. ಬಾಲಚಂದರ್ (1927–1990) ಅವರನ್ನು ಕೇಳಿ, ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದೆಳೆದು ಎಷ್ಟು ಸ್ವರ ತೆಗೆಯುತ್ತಾರೆಂದು ನೋಡಿ. ಇಬ್ಬರಲ್ಲಿ ಯಾರು ಹೆಚ್ಚು ಎಂಬ ಜಗಳಕ್ಕೆ ಹೋಗಬೇಡಿ. ತಾಳ ಕೈಯಲ್ಲಿರಲಿ, ಒಂದು ಸಂಗತಿಯನ್ನಾದರೂ ಬಾಯಲ್ಲಿ ಹಿಡಿದು ಪುಸ್ತಕಕ್ಕೆ ಇಳಿಸಿ. ಹತ್ತು ಕಚೇರಿ ಕಿವಿಗೆ ಸುರಿದುಕೊಳ್ಳುವುದಕ್ಕಿಂತ ಒಂದು ಸಂಗತಿ ಕೈಗೆ ಸಿಕ್ಕರೆ ಲಾಭ. ವಿದೇಶದಲ್ಲಿರುವವರು ಹತ್ತಿರದ ಕನ್ನಡ ಕೂಟದಲ್ಲಿ ವಿಚಾರಿಸಿ. ಯಾರದೋ ಮನೆಯಲ್ಲಿ ಮುಟ್ಟುವವರಿಲ್ಲದೆ ಕೂತ ವೀಣೆ ಇದ್ದೀತು. ಭಾನುವಾರ ಒಂದು ಗಂಟೆ ನುಡಿಸುತ್ತೇನೆ ಎಂದರೆ ಬೇಡ ಎನ್ನುವವರು ಕಡಿಮೆ. ಕೇಳಲು ಸಂಕೋಚಪಟ್ಟು ಕಳೆದುಕೊಳ್ಳಬೇಡಿ.

ಪಿಟೀಲಿನವರಿಗೂ ಕೊಳಲಿನವರಿಗೂ ಇದೇ ಮಾತು. ಕೊಳಲಿನವರು ಕೊಳಲನ್ನು ಚೀಲದಲ್ಲಿ ಹಾಕಿಕೊಂಡು ಹೋಗಬಹುದು, ಅವರಿಗೆ ನೆಪವೇ ಇಲ್ಲ. ಮೃದಂಗದವರು ಸೊಲ್ಲುಕಟ್ಟನ್ನು ಬಾಯಲ್ಲಿ ಶುದ್ಧವಾಗಿ ಹೇಳಲಿ, ಬಾಯಲ್ಲಿ ತಿಳಿಯಾಗಿ ಬಾರದ್ದು ಕೈಯಲ್ಲೂ ಬಾರದು.

ಕೈಗೆ ಪೆಟ್ಟಾಗಿ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಬೇರೆಯಾಗಿ ಹೇಳುತ್ತೇನೆ. ವೀಣೆ ಕಣ್ಣೆದುರೇ ಇದೆ, ಮುಟ್ಟುವಂತಿಲ್ಲ. ನಿಮ್ಮ ಸಂಕಟ ದೊಡ್ಡದು. ಎಡಗೈ ಕಟ್ಟಿದ್ದರೆ ಬಲಗೈಯಲ್ಲಿ ತಾಳ ಹಾಕಿ, ಹಾಡಿ. ಡಾಕ್ಟರು ಒಪ್ಪುವ ಮೊದಲೇ "ಒಂದೇ ಒಂದು ಕೃತಿ" ಎಂದು ಕದ್ದು ಕೂರಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಬಾಣಂತಿಯರೂ ಅಷ್ಟೆ, ಮಗುವನ್ನು ತೊಡೆಯಲ್ಲಿ ಹಾಕಿಕೊಂಡು ದೇವರನಾಮ ಹಾಡಿ. ಬೆನ್ನು ಗಟ್ಟಿಯಾಗುವವರೆಗೆ ವೀಣೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುವ ಹಟ ಬೇಡ.

ಹೊರಡುವ ಮೊದಲು ವಾದ್ಯಕ್ಕೆ ಮಾಡಬೇಕಾದದ್ದನ್ನೂ ಮರೆಯಬೇಡಿ. ತಂತಿಗಳನ್ನು ಸ್ವಲ್ಪ ಸಡಿಲಿಸಿ. ಪೂರ್ತಿ ಬಿಚ್ಚಬೇಡಿ, ಕುದುರೆ ಜಾರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಹೊದಿಕೆ ಹಾಕಿ, ಚಾಪೆಯ ಮೇಲೆ ಮಲಗಿಸಿ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಜಾಗ ಬಿಡುತ್ತದೆ. ತೇವದ ಗೋಡೆಗೆ ಒರಗಿಸಿ ನಿಲ್ಲಿಸುವುದಂತೂ ಪಾಪದ ಕೆಲಸ. ಮನೆಯವರಿಗೆ ಹೇಳಿ ಹೋಗಿ: ಅದರ ಮೇಲೆ ಬಟ್ಟೆಯ ಗಂಟು, ಹಳೆಯ ಪತ್ರಿಕೆ ಹೇರಬಾರದು, ತಿಂಗಳಿಗೊಮ್ಮೆ ಹೊದಿಕೆ ತೆಗೆದು ಗಾಳಿಯಾಡಿಸಬೇಕು. ಉಗುರಿನಲ್ಲಿ ಮೀಟುವವರು ಆ ಎರಡು ಉಗುರುಗಳನ್ನು ಪರ ಊರಿನಲ್ಲೂ ಅರದಿಂದ ತಿದ್ದಿ ಕಾಪಾಡಿಕೊಳ್ಳಿ. ಹಲ್ಲಿನಿಂದ ಕಚ್ಚುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಗುರುಗಳಿಗೆ ಫೋನು ಮಾಡುತ್ತಿರಿ. ನುಡಿಸಿಲ್ಲ ಎಂಬ ನಾಚಿಕೆಯಿಂದ ತಿಂಗಳುಗಟ್ಟಲೆ ಮಾತೇ ಆಡದವರಿದ್ದಾರೆ. ಬೈಯುತ್ತಾರೆ, ಬೈಸಿಕೊಳ್ಳಿ. ವರ್ಣದ ಒಂದು ಸ್ವರ ಹಾಡಿ ಒಪ್ಪಿಸುತ್ತೇನೆ ಎಂದರೆ ಯಾವ ಗುರುವೂ ಬೇಡ ಎನ್ನುವುದಿಲ್ಲ.

ಕೊನೆಗೊಂದು ದಿನ ಊರಿಗೆ ಬರುತ್ತೀರಿ. ಬರುವ ಮೊದಲೇ ಮನೆಯವರಿಗೆ ಹೇಳಿ ವೀಣೆಯನ್ನು ನೋಡಿಸಿ. ಮೆಟ್ಟಿಲು ಕದಲಿದ್ದರೆ ಮೇಳ ಕಟ್ಟುವವರನ್ನು ಕರೆಸಬೇಕು, ಅವರು ಕರೆದ ದಿನವೇ ಸಿಗುವವರಲ್ಲ. ಅಪಸ್ವರದ ಮೆಟ್ಟಿಲ ಮೇಲೆ ಸಾಧನೆ ಮಾಡಿದರೆ ಇಷ್ಟು ದಿನ ಹಾಡಿ ಕಾಪಾಡಿಕೊಂಡ ಕಿವಿ ಒಂದೇ ವಾರದಲ್ಲಿ ಕೆಡುತ್ತದೆ. ಮೊದಲ ದಿನ ಉತ್ಸಾಹದಲ್ಲಿ ಮೂರು ಗಂಟೆ ಕೂರಬೇಡಿ. ನಿಮ್ಮ ಎಡಗೈ ಬೆರಳ ತುದಿಯಲ್ಲಿ ತಂತಿಯ ಗೆರೆ ಮೂಡಿ ಗಟ್ಟಿಯಾಗಿದ್ದ ಚರ್ಮ ಈಗ ಮೆತ್ತಗಾಗಿರುತ್ತದೆ, ಬೊಬ್ಬೆ ಎದ್ದರೆ ಮತ್ತೆ ಹತ್ತು ದಿನ ಮುಟ್ಟುವ ಹಾಗಿಲ್ಲ. ಬೆರಳಿಗೆ ಒಂದಿಷ್ಟು ಎಣ್ಣೆ ಸವರಿಕೊಂಡು ಕಾಲು ಗಂಟೆ, ಸಂಜೆ ಇನ್ನೊಂದು ಕಾಲು ಗಂಟೆ. ಒಂದನೇ ಕಾಲದಲ್ಲಿ ಸರಳೆ, ಜಂಟಿ ವರಸೆ, ಅಷ್ಟೇ. ಹನಿಗೂಡಿದರೆ ಹಳ್ಳ. ಮನಸ್ಸು ಮುಂದೆ ಓಡುತ್ತದೆ, ಬೆರಳು ಹಿಂದೆ ಬೀಳುತ್ತದೆ. ನಾಲ್ಕಾರು ದಿನ ಬೆರಳಿನ ನಡೆಗೇ ನೀವು ನಡೆಯಿರಿ. ಮುಂದಿನ ವಾರ ಸಮಾರಂಭದಲ್ಲಿ ನುಡಿಸುತ್ತೇನೆಂದು ಯಾರಿಗೂ ಮಾತು ಕೊಡಬೇಡಿ.

ಗುರುಗಳ ಮನೆಗೆ ಹೋಗುವಾಗ ಹಣ್ಣಿನ ಜೊತೆ ಆ ಬರೆದ ಪುಸ್ತಕವನ್ನೂ ಒಯ್ಯಿರಿ. ಹೊಸ ಕೃತಿ ಹೇಳಿಕೊಡಿ ಎಂದು ಆ ದಿನವೇ ಕೇಳಬೇಡಿ. ಕೆಂಪು ಗುರುತು ಹಾಕಿದ ಜಾಗಗಳನ್ನು ತೋರಿಸಿ, ಅವು ಒಂದೊಂದನ್ನೂ ಅವರ ಬಾಯಿಂದ ಹಾಡಿಸಿಕೊಂಡು, ನೀವೂ ಹಾಡಿ, ಆಮೇಲೆ ವೀಣೆಗೆ ಕೈ ಹಾಕಿ.